ಮನೆಯಲ್ಲಿ ಕಾಕ್‌ಪಿಟ್ ಕಟ್ಟುವವರಿಗೆ: ಯೋಕ್, ಥ್ರಾಟಲ್, ಪೆಡಲ್ ಆರಿಸುವ ಸಮಗ್ರ ಮಾರ್ಗದರ್ಶಿ

“ಯಾವ ಜಾಯ್‌ಸ್ಟಿಕ್ ಒಳ್ಳೆಯದು?” ಫ್ಲೈಟ್ ಸಿಮ್ಯುಲೇಟರಿನ ಹುಚ್ಚು ಹಿಡಿದವರು ಮೊದಲು ಕೇಳುವುದು ಇದನ್ನೇ. ಉತ್ತರ ಹೇಳುವ ಮುಂಚೆ ನಾನು ತಿರುಗಿ ಕೇಳುವುದು ಒಂದೇ ಮಾತು: ನೀವು ಹಾರಿಸಬೇಕೆಂದಿರುವ ವಿಮಾನ ಯಾವುದು? ಅದು ಗೊತ್ತಾಗದೆ ಕೊಂಡ ಸಾಮಾನು, ಎಷ್ಟೇ ಬೆಲೆಯದ್ದಾದರೂ, ಕೊನೆಗೆ ಮೂಲೆ ಸೇರುತ್ತದೆ. ಎಲ್ಲ ವಿಮಾನಕ್ಕೂ ಆಗುವಂಥದ್ದು ಒಂದಿರಲಿ ಎಂದು ಹೊರಟವರೇ ಹೆಚ್ಚು ದುಡ್ಡು ಕಳೆದುಕೊಳ್ಳುವುದು.

ಕುಂಬಳೆ, ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯ, ಕಾಸರಗೋಡು ಪೇಟೆ, ಹೀಗೆ ಗಡಿಯ ಈಚೆ ಇರುವ ನಮ್ಮವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ವಿದೇಶದವರು ಮಾಡಿದ ವಿಡಿಯೊಗಳಲ್ಲಿ ಉಪ್ಪುಗಾಳಿಯ ಮಾತಿಲ್ಲ, ಆಟಿ ತಿಂಗಳ ತೇವದ ಮಾತಿಲ್ಲ, ತುಲಾ ತಿಂಗಳ ಸಂಜೆಯ ಸಿಡಿಲಿನ ಮಾತೂ ಇಲ್ಲ. ಇಲ್ಲಿ ಯಂತ್ರ ಆರಿಸುವಾಗ ಈ ಮೂರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಮೊದಲ ಹೆಜ್ಜೆ: ವಿಮಾನ ಗೊತ್ತುಮಾಡಿ

ನಮ್ಮ ತಲೆಯ ಮೇಲೆ ಹಾದುಹೋಗುವುದರಲ್ಲಿ ಹೆಚ್ಚಿನವು ಮಂಗಳೂರಿಗೋ ಕಣ್ಣೂರಿಗೋ ಇಳಿಯುವ ವಿಮಾನಗಳು. ಗಲ್ಫಿನ ನಂಟಿರುವ ಮನೆಯ ಮಕ್ಕಳಿಗೆ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ಪರಿಚಯ. ಬೆಂಗಳೂರು, ಮುಂಬಯಿ ಓಡಾಡುವವರಿಗೆ ಇಂಡಿಗೋದ ಏರ್‌ಬಸ್ ಎ320 ಪರಿಚಯ. ಹಾರಾಟವನ್ನು ಬುಡದಿಂದ ಕಲಿಯಬೇಕು ಅನ್ನುವವರು ಸೆಸ್ನಾ 172 ಎಂಬ ಸಣ್ಣ ವಿಮಾನ ಹಿಡಿಯುತ್ತಾರೆ. ಈ ಮೂರೂ ಪೈಲಟ್‌ನ ಕೈಯಲ್ಲಿ ಬೇರೆ ಬೇರೆ ರೀತಿಯಲ್ಲಿ ವರ್ತಿಸುತ್ತವೆ. ಆ ವ್ಯತ್ಯಾಸದ ಮೇಲೆಯೇ ನಿಮ್ಮ ಖರ್ಚು ನಿಂತಿದೆ.

ಎ320ರಲ್ಲಿ ಪೈಲಟ್‌ನ ಪಕ್ಕಕ್ಕೆ ಸೈಡ್‌ಸ್ಟಿಕ್, ಅಂದರೆ ಒಂದೇ ಕೈಯಲ್ಲಿ ವಾಲಿಸುವ ಹಿಡಿಕೋಲು, ಇರುತ್ತದೆ. ನಿಜವಾದ ವಿಮಾನದಲ್ಲೂ ಅದು ಸ್ಪ್ರಿಂಗಿನ ಬಲದಿಂದಲೇ ನಡುವಿಗೆ ಮರಳುತ್ತದೆ. ರೆಕ್ಕೆ ಬಾಲಗಳ ಮೇಲೆ ಗಾಳಿ ಹೇರುವ ಒತ್ತಡ ಕೈಗೆ ತಟ್ಟುವುದೇ ಇಲ್ಲ. ಸಾಮಾನ್ಯ ಹಾರಾಟದಲ್ಲಿ ಮೂಗಿನ ಟ್ರಿಮ್ಮನ್ನು (ಕೈಬಿಟ್ಟರೂ ಮೂಗು ಇದ್ದ ಮಟ್ಟದಲ್ಲೇ ನಿಲ್ಲುವ ಹೊಂದಾಣಿಕೆಯನ್ನು) ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಟೇಕ್‌ಆಫ್ ಆದ ಮೇಲೆ ಎಂಜಿನ್ ಶಕ್ತಿಯ ಹಿಡಿಯಾದ ಥ್ರಸ್ಟ್ ಲಿವರನ್ನು ಕ್ಲೈಂಬ್ ಹಲ್ಲಿಗೆ ತಂದಿಟ್ಟರೆ ಮುಂದೆ ಆಟೊಥ್ರಸ್ಟ್ ಎಂಜಿನಿನ ಶಕ್ತಿಯನ್ನು ಏರಿಸಿ ಇಳಿಸುತ್ತದೆ, ಲಿವರ್ ಮಾತ್ರ ಅಲ್ಲಾಡುವುದಿಲ್ಲ. ಅಂದರೆ ಮೋಟಾರ್ ಇಲ್ಲದ, ಬರೀ ಸ್ಪ್ರಿಂಗ್ ಇರುವ ಮನೆಯ ಸಾಮಾನು ನಿಜವಾದ ಎ320ರ ವರ್ತನೆಗೆ ತಾನಾಗಿಯೇ ಹತ್ತಿರ ಬರುತ್ತದೆ.

737ರ ಕತೆ ತೀರಾ ಬೇರೆ. ಇಬ್ಬರು ಪೈಲಟ್‌ಗಳ ಯೋಕ್‌ಗಳೂ (ಎಳೆದು, ತಿರುಗಿಸಿ ಹಾರಿಸುವ ಚಾಲನಾ ಚಕ್ರಗಳು) ಒಂದಕ್ಕೊಂದು ಕೂಡಿಕೊಂಡು ಚಲಿಸುತ್ತವೆ. ವೇಗ ಹೆಚ್ಚಿದಂತೆ ಯೋಕ್ ಬಿಗಿಯಾಗುತ್ತದೆ. ಆಟೊಥ್ರಾಟಲ್ ಹಾಕಿದರೆ ಲಿವರ್‌ಗಳು ತಾವಾಗಿಯೇ ಹಿಂದೆ ಮುಂದೆ ಸರಿಯುತ್ತವೆ, ಪಕ್ಕದ ಟ್ರಿಮ್ ಚಕ್ರಗಳು ಗರಗರ ತಿರುಗುತ್ತವೆ. ಇದನ್ನೆಲ್ಲ ಮನೆಯಲ್ಲಿ ತರಬೇಕಾದರೆ ಮೋಟಾರು, ಅದಕ್ಕೆ ಡ್ರೈವರು, ಅದಕ್ಕೊಂದು ಬೇರೆಯೇ ಪವರ್ ಸಪ್ಲೈ ಎಂದು ಪಟ್ಟಿ ಬೆಳೆಯುತ್ತದೆ. ಮೋಟಾರಿಲ್ಲದ ಥ್ರಾಟಲ್‌ನಲ್ಲಿ ಆಟೊಥ್ರಾಟಲ್ ತೆಗೆದ ಕೂಡಲೇ ನಿಮ್ಮ ಲಿವರ್ ಒಂದು ಕಡೆ, ಎಂಜಿನ್ ಇನ್ನೊಂದು ಕಡೆ ಇರುತ್ತವೆ. ಇಳಿಯುವ ಹೊತ್ತಿನಲ್ಲಿ ಇದು ಚೆನ್ನಾಗಿ ಕಾಡುತ್ತದೆ.

ಸೆಸ್ನಾ 172ರಲ್ಲಿ ಯೋಕ್ ಕೇಬಲ್‌ಗಳ ಮೂಲಕ ನೇರ ರೆಕ್ಕೆ ಬಾಲಗಳಿಗೆ ಹೋಗುತ್ತದೆ. ಪೂರ್ತಿ ಶಕ್ತಿ ಕೊಟ್ಟು ಓಡುವಾಗ ಮೂಗು ಎಡಕ್ಕೆ ಎಳೆಯುತ್ತದೆ, ಬಲಗಾಲು ಒತ್ತಿ ಹಿಡಿಯಬೇಕು. ಆದ್ದರಿಂದ ಸೆಸ್ನಾ ಹಾರಿಸುವವರು ಪೆಡಲಿಗೆ ಮೊದಲು ದುಡ್ಡು ಹಾಕಬೇಕು.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಕೈಯಲ್ಲಿರುವ ದುಡ್ಡು ಅಷ್ಟಕ್ಕಷ್ಟೆ ಎಂದಾದರೆ, ಪ್ರಯಾಣಿಕ ವಿಮಾನವೇ ಬೇಕೆಂದಾದರೆ, ಎ320 ಕಟ್ಟಿ. ಕಡಿಮೆ ಖರ್ಚಿನಲ್ಲಿ ನಿಜಕ್ಕೆ ಅಷ್ಟು ಹತ್ತಿರ ಬರುವ ವಿಮಾನ ಬೇರೊಂದಿಲ್ಲ.

ಎರಡನೇ ಹೆಜ್ಜೆ: ಕೊಳ್ಳುವ ಮುಂಚೆ ಹಾರಿಸಿ, ಪಟ್ಟಿ ಮಾಡಿ

ಕೀಬೋರ್ಡ್ ಮೌಸ್ ಸಾಕು, ಮೊದಲು ಹಾರಿಸಲು ಶುರುಮಾಡಿ. ಫ್ಲೈಟ್‌ಗಿಯರ್ ಎಂಬ ಸಿಮ್ಯುಲೇಟರ್ ಪೂರ್ತಿ ಉಚಿತ, ಸೆಸ್ನಾ 172 ಅದರ ಜೊತೆಗೇ ಬರುತ್ತದೆ. ಎಕ್ಸ್‌ಪ್ಲೇನ್ 12 ಎಂಬ ಸಿಮ್ಯುಲೇಟರ್ ಇದ್ದವರಿಗೆ ಝಿಬೋ ಎಂಬ 737 ಉಚಿತವಾಗಿ ಸಿಗುತ್ತದೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಇದ್ದವರು ಫ್ಲೈಬೈವೈರ್ ತಂಡದ ಎ320 ಹಾಕಿಕೊಳ್ಳಬಹುದು, ಅದಕ್ಕೂ ಕಾಸಿಲ್ಲ.

ಮಂಗಳೂರಿನಿಂದ ಕಣ್ಣೂರಿಗೆ ಒಂದು ಸಣ್ಣ ಹಾರಾಟ ಸಾಕು. ಪಕ್ಕದಲ್ಲೊಂದು ಹಾಳೆ ಇಟ್ಟುಕೊಳ್ಳಿ. ಕೈ ಎಲ್ಲೆಲ್ಲಿ ಹೋಯಿತು ಎಂದು ಮೂರು ಸಾಲಿನಲ್ಲಿ ಬರೆಯಿರಿ: ಸದಾ ಹಿಡಿದಿರುವುದು, ಹಾರಾಟದಲ್ಲಿ ಹಲವು ಸಲ ಮುಟ್ಟುವುದು, ಒಂದೇ ಸಲ ಮುಟ್ಟುವುದು. ಎ320ರಲ್ಲಿ ಸದಾ ಬೇಕಾದ್ದು ಸ್ಟಿಕ್, ಥ್ರಸ್ಟ್ ಲಿವರ್, ಪೆಡಲ್. ಹಲವು ಸಲ ಬೇಕಾದ್ದು ಎತ್ತರ, ವೇಗ, ದಿಕ್ಕು ಹೊಂದಿಸುವ ಗುಬ್ಬಿಗಳು (ತಿರುಗಿಸುವ ನಾಬ್‌ಗಳು), ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಇಳಿಸುವ ಪಟ್ಟಿ), ಗೇರ್ (ಚಕ್ರ), ಸ್ಪೀಡ್‌ಬ್ರೇಕ್ (ರೆಕ್ಕೆಯ ಮೇಲೇಳುವ ವೇಗತಡೆ). ತಲೆಯ ಮೇಲಿನ ಓವರ್‌ಹೆಡ್ ಪ್ಯಾನಲ್‌ನ ಹೆಚ್ಚಿನ ಸ್ವಿಚ್ಚುಗಳು ಮೂರನೇ ಸಾಲಿಗೆ ಬೀಳುತ್ತವೆ. ಓವರ್‌ಹೆಡ್ ಪ್ಯಾನಲ್ ನೋಡಲು ಚೆಂದ ಉಂಟು, ಹಾಗಾಗಿ ಹಲವರು ಅಲ್ಲಿಂದಲೇ ಶುರುಮಾಡುತ್ತಾರೆ. ಹಾಗೆ ಮಾಡಬೇಡಿ. ದುಡ್ಡು ಮೊದಲ ಸಾಲಿನಿಂದ ಕೆಳಕ್ಕೆ ಇಳಿಯಬೇಕು. ಮೂರನೇ ಸಾಲಿನದಕ್ಕೆ ಮೌಸ್ ವರ್ಷಗಟ್ಟಲೆ ಸಾಕಾಗುತ್ತದೆ.

ಮೂರನೇ ಹೆಜ್ಜೆ: ರಟ್ಟಿನಲ್ಲಿ ಅಳತೆ

ಫ್ರಿಜ್ಜೋ ಟಿವಿಯೋ ಬಂದ ರಟ್ಟಿನ ಪೆಟ್ಟಿಗೆ ತಂದು, ಕೊಳ್ಳಬೇಕೆಂದಿರುವ ಪ್ರತಿಯೊಂದು ಯಂತ್ರದ ಅಳತೆಗೆ ಕತ್ತರಿಸಿ, ಜಾಗಕ್ಕೆ ಅಂಟಿಸಿ. ಉದ್ದ ಅಗಲಗಳು ತಯಾರಕರ ಜಾಲತಾಣದಲ್ಲೇ ಇರುತ್ತವೆ. ಕುರ್ಚಿಯಲ್ಲಿ ಕೂತು ಕಣ್ಣುಮುಚ್ಚಿ ಕೈ ಚಾಚಿ. ಲಿವರ್ ಇರಬೇಕಾದ ಕಡೆಗೆ ಕೈ ತಾನಾಗಿ ಹೋಗುತ್ತದೆಯೇ? ಯೋಕ್ ಪೂರ್ತಿ ಎಳೆದಾಗ ಹೊಟ್ಟೆಗೆ ತಾಗುತ್ತದೆಯೇ? ಯೋಕ್ ಮೇಜಿನ ಅಂಚಿನಿಂದ ಎಷ್ಟು ಹೊರಕ್ಕೆ ಬರುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಚಕ್ರದ ಕುರ್ಚಿ ಆಗದು. ಪೆಡಲ್ ಒತ್ತಿದ ಕೂಡಲೇ ಹಿಂದಕ್ಕೆ ಜಾರುತ್ತದೆ. ನಾಲ್ಕು ಕಾಲಿನ ಮರದ ಕುರ್ಚಿ ಲೇಸು.

ಮುಂದೆ ನಿಜವಾದ ಪ್ಯಾನಲ್ ಮಾಡುವ ಆಸೆ ಇದ್ದರೆ ಈಗಲೇ ಒಂದು ಅಳತೆ ನೆನಪಿಡಿ. ಇಬ್ಬರು ಪೈಲಟ್‌ಗಳ ನಡುವಿನ ನಡುಗಟ್ಟೆಯಲ್ಲಿ ಕೂರುವ ರೇಡಿಯೊ ಪ್ಯಾನಲ್‌ಗಳ ಅಗಲ ಸಾಮಾನ್ಯವಾಗಿ 5.75 ಇಂಚು, ಅಂದರೆ 146 ಮಿಲಿಮೀಟರ್. ಮರದ ಚೌಕಟ್ಟನ್ನು ಈ ಅಗಲಕ್ಕೆ ಮಾಡಿಸಿಟ್ಟರೆ ನಾಳೆ ಕೊಳ್ಳುವ ಪ್ಯಾನಲ್ಲುಗಳು ಹಾಗೆಯೇ ಕೂರುತ್ತವೆ.

ಮರದ ವಿಷಯಕ್ಕೆ ಬಂದರೆ, ನಮ್ಮಲ್ಲಿ ಅಗ್ಗಕ್ಕೆ ಸಿಗುವುದು ರಬ್ಬರ್ ಮರ. ಔಷಧಿ ಹಾಕಿ ಸಂಸ್ಕರಿಸದಿದ್ದರೆ ಹುಳ, ಗೆದ್ದಲು ಎರಡೂ ಹಿಡಿಯುತ್ತವೆ. ಪ್ಲೈವುಡ್ ಆದರೆ ಐಎಸ್ 710 ಗುರುತಿರುವುದನ್ನೇ ಕೇಳಿ. ಐಎಸ್ 303ರ ಸಾದಾ ಪ್ಲೈ ಮಳೆಗಾಲದ ತೇವಕ್ಕೆ ಪದರ ಬಿಡುವುದುಂಟು. ಆಚಾರಿಯವರ ಹತ್ತಿರ ಹಳೇ ಹಲಸಿನ ತುಂಡು ಇದ್ದರೆ ಪೆಡಲಿಗೆ ಅದಕ್ಕಿಂತ ಒಳ್ಳೆಯದು ಬೇಡ. ಸ್ಕ್ರೂಗಳೆಲ್ಲ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಇರಲಿ.

ನಾಲ್ಕನೇ ಹೆಜ್ಜೆ: ಒಳಗಿನ ಸೆನ್ಸರ್ ಯಾವುದು ಎಂದು ನೋಡಿ

ಇಡೀ ಬರಹದಲ್ಲಿ ಒಂದೇ ಭಾಗ ಓದುವಷ್ಟು ಹೊತ್ತಿದ್ದರೆ ಇದನ್ನು ಓದಿ.

ಸ್ಟಿಕ್ ಎಷ್ಟು ವಾಲಿತು, ಲಿವರ್ ಎಷ್ಟು ಸರಿಯಿತು ಎಂದು ಅಳೆಯಲು ಮುಖ್ಯವಾಗಿ ಎರಡು ದಾರಿ. ಒಂದು ಪೊಟೆನ್ಷಿಯೊಮೀಟರ್, ಅಂಗಡಿಯವರು ಪಾಟ್ ಎನ್ನುತ್ತಾರೆ. ಹಳೇ ರೇಡಿಯೊದ ವಾಲ್ಯೂಮ್ ಗುಬ್ಬಿಯ ಒಳಗೆ ಇರುವುದು ಅದೇ. ಹಾಳಾದದ್ದೊಂದರ ತಗಡಿನ ಮುಚ್ಚಳವನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಎಬ್ಬಿಸಿ ನೋಡಿ. ಕುದುರೆ ಲಾಳದ ಆಕಾರದಲ್ಲಿ ಕಪ್ಪು ಕಾರ್ಬನ್ ಪಟ್ಟಿ, ಅದರ ಮೇಲೆ ಒರಸಿಕೊಂಡು ಓಡುವ ತೆಳ್ಳನೆಯ ಲೋಹದ ಬೆರಳುಗಳು ಕಾಣುತ್ತವೆ. ಹೆಚ್ಚು ಬಳಸಿದ್ದಾದರೆ ಬೆರಳು ಓಡಿದ ಕಡೆ ಪಟ್ಟಿ ಸವೆದು ಗೆರೆ ಬಿದ್ದಿರುತ್ತದೆ. ಸಮುದ್ರದ ಹತ್ತಿರದ ಮನೆಯಲ್ಲಿದ್ದದ್ದಾದರೆ ರಿವೆಟ್ಟಿನ ಬುಡದಲ್ಲಿ ಹಸಿರು ಕಿಲುಬು ಕೂತಿರುತ್ತದೆ. ಆ ಗೆರೆಯ ಮೇಲೋ ಕಿಲುಬಿನ ಮೇಲೋ ಬೆರಳು ಬಂದಾಗ ಸಂಪರ್ಕ ಕ್ಷಣಮಾತ್ರ ತಪ್ಪುತ್ತದೆ, ಪರದೆಯ ಮೇಲೆ ವಿಮಾನ ಗಕ್ಕನೆ ತಲೆ ಕೊಡವುತ್ತದೆ.

ಇನ್ನೊಂದು ದಾರಿ ಹಾಲ್ ಸೆನ್ಸರ್. ತಿರುಗುವ ಭಾಗಕ್ಕೆ ಸಣ್ಣ ಅಯಸ್ಕಾಂತ, ಅದರ ಎದುರಿಗೆ ಚಿಪ್. ಅಯಸ್ಕಾಂತ ತಿರುಗಿದಂತೆ ಚಿಪ್ಪಿನ ಮೇಲೆ ಬೀಳುವ ಕಾಂತಕ್ಷೇತ್ರ ಬದಲಾಗುತ್ತದೆ, ಅದೇ ಅಳತೆ. ಒಂದಕ್ಕೊಂದು ತಾಗುವುದೇ ಇಲ್ಲ, ಆದ್ದರಿಂದ ಸವೆಯಲು ಏನೂ ಇಲ್ಲ, ಕಿಲುಬು ಹಿಡಿದು ಸಂಪರ್ಕ ತಪ್ಪುವ ಪ್ರಶ್ನೆಯೂ ಇಲ್ಲ. ಕರಾವಳಿಯವರು ಸದಾ ಹಿಡಿಯುವ ಸ್ಟಿಕ್ ಅಥವಾ ಯೋಕ್‌ಗೆ ಹಾಲ್ ಸೆನ್ಸರೇ ಇರಲಿ ಎಂದು ಹಟ ಹಿಡಿಯುವುದು ಸರಿ. ಬೆಲೆ ಸ್ವಲ್ಪ ಹೆಚ್ಚಾದರೂ ಎರಡು ಮಳೆಗಾಲ ಕಳೆಯುವಾಗ ಅದರ ಬೆಲೆ ಗೊತ್ತಾಗುತ್ತದೆ.

ಒಂದೇ ಯಂತ್ರದಲ್ಲಿ ಎರಡೂ ಬಗೆ ಇರಬಹುದು. ಪೆಟ್ಟಿಗೆಯ ಮೇಲೆ ಹಾಲ್ ಎಂದು ದೊಡ್ಡದಾಗಿ ಬರೆದಿದ್ದರೂ ಅದು ಸ್ಟಿಕ್ಕಿನ ಎರಡು ಮುಖ್ಯ ದಿಕ್ಕುಗಳಿಗೆ ಮಾತ್ರ ಅನ್ವಯಿಸಿ, ತಿರುಚುವ ಅಕ್ಷಕ್ಕೂ ಪಕ್ಕದ ಸಣ್ಣ ಸ್ಲೈಡರಿಗೂ ಪಾಟ್ ಇರುವುದುಂಟು. ಕೇಳಿ ತಿಳಿದುಕೊಳ್ಳಿ.

ಹಿಡಿಯ ಮೇಲಿನ ಹೊದಿಕೆಯನ್ನೂ ನೋಡಿ. ಮುಟ್ಟಲು ಮೆತ್ತಗಿರುವ ರಬ್ಬರಿನಂಥ ಲೇಪ ನಮ್ಮ ತೇವಕ್ಕೆ ಕೆಲವು ವರ್ಷಗಳಲ್ಲಿ ಅಂಟಂಟಾಗುತ್ತದೆ. ಗಟ್ಟಿ ಪ್ಲಾಸ್ಟಿಕ್ ಹಿಡಿ ಸಾಕು.

ಐದನೇ ಹೆಜ್ಜೆ: ಸ್ಟಿಕ್ ಅಥವಾ ಯೋಕ್

ಎ320ಕ್ಕೆ ಥ್ರಸ್ಟ್‌ಮಾಸ್ಟರಿನ ಟಿಸಿಎ ಸೈಡ್‌ಸ್ಟಿಕ್ ಏರ್‌ಬಸ್‌ನ ಪರವಾನಗಿ ಪಡೆದು ಮಾಡಿದ್ದು. ಮುಖ್ಯ ಎರಡು ಅಕ್ಷಗಳಿಗೆ ಹಾಲ್ ಸೆನ್ಸರ್ ಇದೆ. ಹಿಡಿಯ ಭಾಗಗಳನ್ನು ಬದಲಾಯಿಸಿ ಎಡಗೈಗೂ ಹೊಂದಿಸಬಹುದು. ಕ್ಯಾಪ್ಟನ್ ಕೂರುವುದು ಎಡ ಸೀಟಿನಲ್ಲಿ, ಸ್ಟಿಕ್ ಅವರ ಎಡಗೈಗೆ, ಥ್ರಸ್ಟ್ ಲಿವರ್ ಬಲಗೈಗೆ. ಎಡಗೈಯಲ್ಲಿ ಹಾರಿಸುವುದು ಮೊದಮೊದಲು ತೊಡಕೆನಿಸಿದರೂ ಬೇಗ ಒಗ್ಗುತ್ತದೆ. ಇದೇ ಕಂಪನಿಯ ಟಿ.16000ಎಂ ಕೂಡ ಹಾಲ್ ಸೆನ್ಸರಿನದ್ದೇ. ಯುದ್ಧವಿಮಾನವನ್ನೂ ಹಾರಿಸುವ ಆಸೆ ಇದ್ದವರಿಗೆ ಅದು ಹೊಂದುತ್ತದೆ.

ಯೋಕ್ ಬೇಕಾದವರು ಮೊದಲು ಕೇಳಬೇಕಾದ್ದು ಅದು ಎಷ್ಟು ಡಿಗ್ರಿ ತಿರುಗುತ್ತದೆ ಎಂದು. ಲಾಜಿಟೆಕ್‌ನ ಫ್ಲೈಟ್ ಯೋಕ್, ಮೊದಲು ಸೈಟೆಕ್ ಹೆಸರಿನಲ್ಲಿ ಬರುತ್ತಿದ್ದದ್ದು, ಎಡಕ್ಕೆ 45 ಬಲಕ್ಕೆ 45 ಸೇರಿ 90 ಡಿಗ್ರಿ. ಹನಿಕೋಂಬ್ ಆಲ್ಫಾ ಎರಡೂ ಕಡೆಗೆ 90ರಂತೆ 180 ಡಿಗ್ರಿ. ತಿರುಗುವ ಕೋನ ದೊಡ್ಡದಾದಷ್ಟೂ ಸಣ್ಣ ತಿದ್ದುಪಡಿ ಸುಲಭ. ರನ್‌ವೇ ಹತ್ತಿರ ಬಂದಾಗ ರೆಕ್ಕೆಯನ್ನು ಒಂದೆರಡು ಡಿಗ್ರಿ ಸರಿಮಾಡುವುದರಲ್ಲೇ ಆಟವಿರುವುದು. ಆಲ್ಫಾದ ಬುಡದಲ್ಲಿ ಬ್ಯಾಟರಿ, ಆಲ್ಟರ್ನೇಟರ್, ಲೈಟುಗಳ ಸ್ವಿಚ್ಚು, ಕೀ ತಿರುಗಿಸುವ ಮ್ಯಾಗ್ನೆಟೊ (ಎಂಜಿನಿನ ಕಿಡಿಯ ಸ್ವಿಚ್ಚು) ಎಲ್ಲ ಇವೆ. ಸೆಸ್ನಾ ಕಟ್ಟುವವರಿಗೆ ಒಂದು ಪ್ಯಾನಲ್ ಮಾಡುವ ಕೆಲಸ ತಪ್ಪುತ್ತದೆ. 737 ಎಂದು ಗಟ್ಟಿ ಮನಸ್ಸು ಮಾಡಿದವರಿಗೆ ಥ್ರಸ್ಟ್‌ಮಾಸ್ಟರಿನ ಟಿಸಿಎ ಯೋಕ್ ಬೋಯಿಂಗ್ ಆವೃತ್ತಿ ಉಂಟು.

ಯಾವುದೇ ಯೋಕ್ ಕೊಂಡರೂ ಮೇಜಿಗೆ ಬಿಗಿಯುವ ಕ್ಲ್ಯಾಂಪ್ ಎಷ್ಟು ದಪ್ಪದ ಹಲಗೆಗೆ ಹಿಡಿಯುತ್ತದೆ ಎಂದು ನೋಡಿ. ನಮ್ಮ ಮನೆಗಳ ಹಳೇ ಮರದ ಮೇಜುಗಳ ಅಂಚಿಗೆ ಪಟ್ಟಿ ಹೊಡೆದು ದಪ್ಪ ಮಾಡಿರುತ್ತಾರೆ, ಅದಕ್ಕೆ ಕ್ಲ್ಯಾಂಪ್ ಹಿಡಿಯದೆ ಹೋಗಬಹುದು.

ಆರನೇ ಹೆಜ್ಜೆ: ಥ್ರಾಟಲ್

ಎ320ಕ್ಕೆ ಹಲ್ಲುಗಳಿರುವ ಕ್ವಾಡ್ರಂಟೇ (ಲಿವರ್‌ಗಳ ಪೆಟ್ಟಿಗೆಯೇ) ಬೇಕು. ಐಡಲ್ (ಅತಿ ಕಡಿಮೆ ಶಕ್ತಿ), ಕ್ಲೈಂಬ್ (ಏರುವಾಗಿನದು), ಫ್ಲೆಕ್ಸ್ (ಟೇಕ್‌ಆಫಿಗೆ ತಗ್ಗಿಸಿದ ಶಕ್ತಿ), ಟೋಗಾ (ಪೂರ್ತಿ ಶಕ್ತಿ), ಒಂದೊಂದಕ್ಕೂ ಲಿವರ್ ಟಕ್ಕೆಂದು ಕೂರಬೇಕು. ಪೈಲಟ್ ನೋಡದೆಯೇ ಕೈಯಿಂದ ತಿಳಿಯುವುದು ಹಾಗೆ. ಟಿಸಿಎ ಕ್ವಾಡ್ರಂಟ್‌ನಲ್ಲಿ ಈ ವ್ಯವಸ್ಥೆ ಇದೆ, ಫ್ಲ್ಯಾಪ್ ಮತ್ತು ಸ್ಪೀಡ್‌ಬ್ರೇಕ್ ಭಾಗಗಳನ್ನು ಆಮೇಲೆ ಪಕ್ಕಕ್ಕೆ ಜೋಡಿಸಿಕೊಳ್ಳಬಹುದು. ನಯವಾಗಿ ಓಡುವ ಸಾದಾ ಲಿವರಿನಲ್ಲಿ ಎ320 ಹಾರಿಸಿದರೆ ಪ್ರತಿ ಸಲವೂ ಪರದೆಯನ್ನೇ ನೋಡಬೇಕಾಗುತ್ತದೆ.

ಹಲವು ಬಗೆಯ ವಿಮಾನ ಹಾರಿಸುವವರಿಗೆ ಹನಿಕೋಂಬ್ ಬ್ರಾವೊ ಅನುಕೂಲ. ಆರು ಲಿವರ್, ಬದಲಾಯಿಸಬಹುದಾದ ಹಿಡಿಗಳು, ಗೇರ್, ಫ್ಲ್ಯಾಪ್, ಟ್ರಿಮ್ ಚಕ್ರ, ಆಟೊಪೈಲಟ್ ಗುಂಡಿಗಳು ಎಲ್ಲ ಒಂದೇ ಪೆಟ್ಟಿಗೆಯಲ್ಲಿ. ಸೆಸ್ನಾದ ಒತ್ತಿ ಎಳೆಯುವ ಥ್ರಾಟಲ್ ಗುಬ್ಬಿಯನ್ನು ಮನೆಯಲ್ಲೇ ಮಾಡಬಹುದು: ಒಂದು ಲೋಹದ ಸರಳು, ಅದು ಜಾರಲು ಬುಷ್, ಹಿಂದೆ ಉದ್ದನೆಯ ಸ್ಲೈಡ್ ಪಾಟ್. ಕೆಂಪು ಗುಬ್ಬಿ ಮಿಕ್ಸ್‌ಚರಿಗೆ (ಇಂಧನ ಗಾಳಿಯ ಬೆರಕೆಗೆ), ಕಪ್ಪು ಥ್ರಾಟಲ್‌ಗೆ.

ಏಳನೇ ಹೆಜ್ಜೆ: ಪೆಡಲ್

ಸ್ಟಿಕ್ಕನ್ನು ತಿರುಚಿ ರಡರ್ (ಮೂಗನ್ನು ಎಡ ಬಲಕ್ಕೆ ತಿರುಗಿಸುವ ಬಾಲದ ಫಲಕ) ಕೊಡುವುದರಿಂದ ಶುರುಮಾಡಬಹುದು, ಎ320ರವರಿಗೆ ಅದು ಬಹಳ ದಿನ ಸಾಲುತ್ತದೆ. ಆದರೆ ಮಂಗಳೂರಿನ 2450 ಮೀಟರಿನ ಟೇಬಲ್‌ಟಾಪ್ (ಗುಡ್ಡದ ನೆತ್ತಿಯ) ರನ್‌ವೇಗೆ ಮಳೆಗಾಲದ ಅಡ್ಡಗಾಳಿಯಲ್ಲಿ ಇಳಿಯುವುದನ್ನು ಸರಿಯಾಗಿ ಕಲಿಯಬೇಕಾದರೆ ಕಾಲು ಬೇಕೇ ಬೇಕು. ಮೂಗನ್ನು ರನ್‌ವೇ ಗೆರೆಗೆ ಕಾಲಿನಿಂದ ತರುವುದು, ರೆಕ್ಕೆಯನ್ನು ಕೈಯಿಂದ ಹಿಡಿಯುವುದು, ಎರಡೂ ಏಕಕಾಲಕ್ಕೆ ಬೇರೆ ಬೇರೆಯಾಗಿ ನಡೆಯಬೇಕು. ಮಣಿಕಟ್ಟು ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ.

ಪೆಡಲಿಗೆ ಮೂರು ಅಕ್ಷಗಳಿರಬೇಕು: ರಡರಿಗೊಂದು, ಎಡ ಬಲ ಕಾಲ್ಬೆರಳ ಬ್ರೇಕಿಗೆ ಒಂದೊಂದು. ಬ್ರೇಕ್ ಇಲ್ಲದ ಪೆಡಲ್ ತಗೊಳ್ಳಬೇಡಿ. ಎರಡು ಪೆಡಲಿನ ನಡುವಿನ ಅಂತರವನ್ನೂ ನೋಡಿ. ತೀರಾ ಇಕ್ಕಟ್ಟಾದರೆ ಮೊಣಕಾಲು ಒಂದಕ್ಕೊಂದು ತಾಗುತ್ತದೆ.

ಕೈಯಾರೆ ಮಾಡುವವರಿಗೆ ಪೆಡಲ್‌ಗಿಂತ ಒಳ್ಳೆಯ ಆರಂಭ ಇಲ್ಲ, ಯಾಕೆಂದರೆ ದೊಡ್ಡ ಭಾಗಗಳು, ಒರಟು ಅಳತೆ ನಡೆಯುತ್ತದೆ. ಪೇಟೆಯ ಪೆಡಲ್ ಚಿತ್ರವೊಂದನ್ನು ಆಚಾರಿಯವರಿಗೆ ತೋರಿಸಿದರೆ ಅವರು ಮೊದಲು ಕೇಳುವುದು, “ಕಾಲು ಎಷ್ಟು ಚಾಚುತ್ತೀರಿ, ಕೂತು ತೋರಿಸಿ ಮಾರಾಯ್ರೆ” ಎಂದು. ಕೇಳಬೇಕಾದ್ದೂ ಅದನ್ನೇ. ನಡುವೆ ಲಂಬವಾಗಿ ನಿಂತ ಕೀಲಿನ ಮೇಲೆ ತಿರುಗುವ ಅಡ್ಡ ಹಲಗೆ, ಅದರ ಎರಡು ತುದಿಗೆ ಕಾಲಿಡುವ ತುಂಡುಗಳು. ಕೀಲಿಗೆ 608 ಬೇರಿಂಗ್ ಎರಡು ಹಾಕಿ. ಒಳಗೆ 8, ಹೊರಗೆ 22 ಮಿಲಿಮೀಟರಿನ ಈ ಬೇರಿಂಗ್ ಸುಲಭವಾಗಿ ಸಿಗುತ್ತದೆ. ನಡುವಿಗೆ ಮರಳಿಸಲು ಬೈಕಿನ ಸೈಡ್ ಸ್ಟ್ಯಾಂಡ್ ಸ್ಪ್ರಿಂಗ್ ಎರಡು, ಎರಡೂ ಕಡೆಯಿಂದ ಎಳೆಯುವಂತೆ. ಎರಡನ್ನೂ ಸ್ವಲ್ಪ ಎಳೆದ ಸ್ಥಿತಿಯಲ್ಲೇ ಕೂರಿಸಬೇಕು, ಇಲ್ಲದಿದ್ದರೆ ನಡುವಿನಲ್ಲಿ ಸಡಿಲ ಉಳಿಯುತ್ತದೆ.

ಎಂಟನೇ ಹೆಜ್ಜೆ: ಸ್ವಂತ ಲಿವರ್‌ಗಳಿಗೆ ಬೋರ್ಡ್ ಮತ್ತು ಸೆನ್ಸರ್

ಕಂಪ್ಯೂಟರ್ ನಿಮ್ಮ ಪೆಡಲನ್ನು ಜಾಯ್‌ಸ್ಟಿಕ್ ಎಂದು ಗುರುತಿಸಬೇಕಾದರೆ ಆರ್ಡುಯಿನೊ ಎಂಬ ಸಣ್ಣ ಎಲೆಕ್ಟ್ರಾನಿಕ್ ಬೋರ್ಡುಗಳಲ್ಲಿ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ ಕೇಳಿ. ಇವುಗಳಲ್ಲಿರುವ ಎಟಿಮೆಗಾ32ಯು4 ಚಿಪ್ ನೇರವಾಗಿ ಯುಎಸ್‌ಬಿ ಮಾತಾಡುತ್ತದೆ. ಅಂಗಡಿಯವರು “ಊನೋ ಇದೆ, ಅದೂ ಒಂದೇ” ಎಂದರೆ ಒಪ್ಪಬೇಡಿ, ಸಾಮಾನ್ಯವಾಗಿ ಸಿಗುವ ಊನೋ ಆರ್3ರ ಮುಖ್ಯ ಚಿಪ್ಪಿಗೆ ಆ ಸಾಮರ್ಥ್ಯ ಇಲ್ಲ. ಸ್ವಿಚ್ಚು, ದೀಪ, ಅಂಕಿ ತೋರಿಸುವ ಡಿಸ್‌ಪ್ಲೇ ಇರುವ ಪ್ಯಾನಲ್ಲಿಗಾದರೆ ಮೊಬಿಫ್ಲೈಟ್ ಎಂಬ ಉಚಿತ ತಂತ್ರಾಂಶ ಬಳಸಿ. ಅದಕ್ಕೆ ಆರ್ಡುಯಿನೊ ಮೆಗಾ 2560 ಒಳ್ಳೆಯ ಜೋಡಿ. ಕೋಡ್ ಬರೆಯುವ ಅಗತ್ಯವಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಲೇಬೇಕು. ಪ್ರೊ ಮೈಕ್ರೊ ಅಳತೆಯನ್ನು 10 ಬಿಟ್‌ನಲ್ಲಿ ಓದುತ್ತದೆ, ಅಂದರೆ 1024 ಮೆಟ್ಟಿಲು. ಸಾದಾ ಪಾಟ್ ಸುಮಾರು 300 ಡಿಗ್ರಿ ತಿರುಗುತ್ತದೆ. ನಿಮ್ಮ ಲಿವರ್ ತಿರುಗುವುದು 60 ಡಿಗ್ರಿ ಮಾತ್ರ ಎಂದಾದರೆ ಐದರಲ್ಲಿ ಒಂದು ಪಾಲು, ಸುಮಾರು 205 ಮೆಟ್ಟಿಲು ಮಾತ್ರ ಬಳಕೆಗೆ ಸಿಗುತ್ತದೆ. ಫ್ಲ್ಯಾಪಿಗೆ ಅದು ಧಾರಾಳ. ರಡರಿಗೆ ಒರಟು. ಮೂರು ಪರಿಹಾರಗಳಿವೆ: 1ಕ್ಕೆ 4ರ ಹಲ್ಲಿನ ಚಕ್ರ ಹಾಕಿ 60 ಡಿಗ್ರಿಯನ್ನು 240 ಮಾಡುವುದು, ಎಡಿಎಸ್1115 ಎಂಬ 16 ಬಿಟ್‌ನ ಸಣ್ಣ ಬೋರ್ಡನ್ನು ನಡುವೆ ಸೇರಿಸುವುದು, ಇಲ್ಲವೇ ಪಾಟನ್ನೇ ಬಿಟ್ಟು ಎಎಸ್5600 ಎಂಬ ಕಾಂತ ಸೆನ್ಸರ್ ಹಾಕುವುದು. ನನ್ನ ಮತ ಮೂರನೆಯದಕ್ಕೆ. ಅದು ಒಂದು ಸುತ್ತನ್ನು 4096 ಭಾಗ ಮಾಡಿ ಅಳೆಯುತ್ತದೆ, 60 ಡಿಗ್ರಿಗೆ 680ರಷ್ಟು ಮೆಟ್ಟಿಲು ಸಿಗುತ್ತದೆ, ಸವೆತವೂ ಇಲ್ಲ.

ಕೂರಿಸುವುದು ಹೀಗೆ. ಕೀಲಿನ ಸರಳಿನ ತುದಿಗೆ 6 ಮಿಲಿಮೀಟರಿನ ದುಂಡು ಅಯಸ್ಕಾಂತವನ್ನು ಸರಿಯಾಗಿ ನಡುವಿಗೆ ಎಪಾಕ್ಸಿ ಅಂಟಿನಿಂದ ಕೂರಿಸಿ. ಅಡ್ಡಕ್ಕೆ ಕಾಂತೀಕರಿಸಿದ್ದು ಬೇಕು, ಅಂದರೆ ದುಂಡಿನ ಅರ್ಧ ಭಾಗ ಉತ್ತರ, ಅರ್ಧ ದಕ್ಷಿಣ ಇರುವಂಥದ್ದು. ಮೇಲ್ಮುಖ ಒಂದು ಧ್ರುವ, ಕೆಳಮುಖ ಇನ್ನೊಂದು ಧ್ರುವ ಇರುವ ಮಾಮೂಲಿ ಅಯಸ್ಕಾಂತ ಇಟ್ಟರೆ ಸೆನ್ಸರಿಗೆ ತಿರುಗಿದ್ದು ತಿಳಿಯುವುದೇ ಇಲ್ಲ. ಚಿಪ್ ಅದರ ಎದುರಿಗೆ, ಅರ್ಧದಿಂದ 3 ಮಿಲಿಮೀಟರ್ ಅಂತರದಲ್ಲಿರಲಿ. ಸರಳು ಕಬ್ಬಿಣದ್ದಾದರೆ ಕಾಂತಕ್ಷೇತ್ರವನ್ನು ಎಳೆದುಕೊಳ್ಳುತ್ತದೆ, ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಸರಳು ವಾಸಿ. ಸ್ಪೀಕರನ್ನು ಹತ್ತಿರ ಇಡಬೇಡಿ.

ಪಾಟೇ ಹಾಕುವುದಾದರೆ ಬಿ10ಕೆ ಎಂದು ಕೇಳಿ. ಬಿ ಅಂದರೆ ಸಮಪ್ರಮಾಣದ್ದು. ವಾಲ್ಯೂಮಿಗೆ ಹಾಕುವ ಎ10ಕೆ ಕೊಟ್ಟರೆ ಲಿವರ್ ಅರ್ಧ ಸರಿಸಿದಾಗ ಎಂಜಿನ್ ಅರ್ಧಕ್ಕೆ ಬರುವುದಿಲ್ಲ.

ಗುಂಡಿಗಳು ಹೆಚ್ಚಿದ್ದರೆ ಒಂದೊಂದಕ್ಕೂ ಒಂದು ಪಿನ್ ಕೊಡಲು ಆಗುವುದಿಲ್ಲ. ಆರು ಅಡ್ಡಸಾಲು, ಆರು ಕಂಬಸಾಲುಗಳ ವೈರಿನ ಜಾಲ ಮಾಡಿದರೆ 12 ಪಿನ್ನಿನಲ್ಲಿ 36 ಗುಂಡಿ ಆಗುತ್ತದೆ. ಪ್ರತಿ ಗುಂಡಿಗೂ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4148 ಡಯೋಡ್ ಬೆಸೆಯಿರಿ. ಇಲ್ಲದಿದ್ದರೆ ಮೂರು ಸ್ವಿಚ್ಚು ಒಟ್ಟಿಗೆ ಆನ್ ಇದ್ದಾಗ ನಾಲ್ಕನೆಯದೂ ಆನ್ ಆದಂತೆ ತೋರುತ್ತದೆ.

ಸ್ವಿಚ್ಚು ಕೊಳ್ಳುವಾಗ ಬಿಟ್ಟ ಜಾಗದಲ್ಲಿ ನಿಲ್ಲುವುದೋ, ಬಿಟ್ಟ ಕೂಡಲೇ ಹಿಂದಕ್ಕೆ ಬರುವುದೋ ಎಂದು ಬೆರಳಿಟ್ಟು ನೋಡಿ. ಲೈಟಿಗೆ ನಿಲ್ಲುವುದು, ಎಂಜಿನ್ ಸ್ಟಾರ್ಟಿಗೆ, ಟ್ರಿಮ್ಮಿಗೆ ಹಿಂದಕ್ಕೆ ಬರುವುದು. ಎತ್ತರ, ದಿಕ್ಕು ಹೊಂದಿಸಲು ಪಾಟ್ ಆಗದು, ಕೊನೆಯಿಲ್ಲದೆ ಸುತ್ತುವ ರೋಟರಿ ಎನ್‌ಕೋಡರ್ ಬೇಕು. ನಡುವೆ ಒತ್ತಲೂ ಆಗುವ ಬಗೆಯದ್ದನ್ನೇ ತಗೊಳ್ಳಿ. ಎ320ರ ಗುಬ್ಬಿಗಳನ್ನು ಒತ್ತಲೂ ಎಳೆಯಲೂ ಬರುತ್ತದೆ, ಒತ್ತುವುದನ್ನಾದರೂ ಹಾಗೆಯೇ ಉಳಿಸಿಕೊಳ್ಳಬಹುದು.

ಒಂಬತ್ತನೇ ಹೆಜ್ಜೆ: ಯುಎಸ್‌ಬಿ, ಕರೆಂಟು, ಸಿಡಿಲು

ಸ್ಟಿಕ್, ಥ್ರಾಟಲ್, ಪೆಡಲ್, ಎರಡು ಪ್ಯಾನಲ್ ಎಂದಾಗುವಾಗ ಕಂಪ್ಯೂಟರಿನ ಕಿಂಡಿಗಳು ಮುಗಿಯುತ್ತವೆ. ಸ್ವಂತ ಅಡಾಪ್ಟರ್ ಇರುವ ಹಬ್ಬನ್ನೇ ತಗೊಳ್ಳಿ. ಯುಎಸ್‌ಬಿ 2.0 ಕಿಂಡಿಯೊಂದು ಕೊಡುವುದು 500 ಮಿಲಿಆಂಪಿಯರ್. ಪ್ಯಾನಲ್ ಹಿಂದಿನ ಬೆಳಕಿಗೆ ಒಂದೊಂದೂ 20 ಮಿಲಿಆಂಪಿಯರ್ ಎಳೆಯುವ 30 ಎಲ್‌ಇಡಿ ಹಾಕಿದರೆ ಅಲ್ಲಿಗೇ 600 ಆಯಿತು. ಬೆಳಕಿಗೆ ಬೇರೆಯೇ 5 ವೋಲ್ಟ್ ಅಡಾಪ್ಟರ್ ಇರಲಿ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರಿಗೆ ಹೋಗಿ, ಪ್ರತಿ ಯುಎಸ್‌ಬಿ ಹಬ್ಬಿನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ಶಕ್ತಿ ಉಳಿಸಲು ಅದನ್ನು ಆಫ್ ಮಾಡಬಹುದೆಂಬ ಗುರುತು ತೆಗೆಯಿರಿ. ಹಾರಾಟದ ನಡುವೆ ಪೆಡಲ್ ಸತ್ತಂತಾಗುವುದು ಹೆಚ್ಚಾಗಿ ಇದರಿಂದ.

ಎರಡು ಪ್ರೊ ಮೈಕ್ರೊ ಬಳಸುವುದಾದರೆ ಎರಡಕ್ಕೂ ಬೇರೆ ಹೆಸರು ಕೊಡಿ. ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಎರಡೂ ಒಂದೇ ಹೆಸರಿನಲ್ಲಿ ಕಾಣಿಸಿಕೊಂಡು ಯಾವುದು ಪೆಡಲ್, ಯಾವುದು ಪ್ಯಾನಲ್ ಎಂದು ತಿಳಿಯುವುದಿಲ್ಲ.

ತುಲಾ ತಿಂಗಳ ಆಚೀಚೆ ಮಧ್ಯಾಹ್ನ ಕಳೆದು ಮೋಡ ಕಟ್ಟಿತೆಂದರೆ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು. ಕಂಪ್ಯೂಟರ್, ಹಬ್ಬಿನ ಅಡಾಪ್ಟರ್, ಮಾನಿಟರ್, ಮೋಡೆಮ್, ಅದರಿಂದ ಬರುವ ಲ್ಯಾನ್ ವೈರು, ಎಲ್ಲವನ್ನೂ. ಇಷ್ಟನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಕೊಟ್ಟರೆ ಒಂದೇ ಪ್ಲಗ್ ಎಳೆದರೆ ಸಾಕು, ಲ್ಯಾನ್ ವೈರು ಬೇರೆ. ಮನೆಯ ಅರ್ಥಿಂಗನ್ನು ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ಪರೀಕ್ಷೆ ಮಾಡಿಸಿ. ಲೋಹದ ಥ್ರಾಟಲ್ ಮುಟ್ಟಿದಾಗ ಕೈ ಜುಮ್ಮೆಂದರೆ ಅರ್ಥಿಂಗ್ ಸರಿಯಿಲ್ಲ ಎಂದೇ ಸಂಶಯ ಪಡಬೇಕು.

ಹತ್ತನೇ ಹೆಜ್ಜೆ: ಎಲ್ಲಿ ಕೊಳ್ಳುವುದು, ಹೇಗೆ ಪರೀಕ್ಷಿಸುವುದು

ಬೋರ್ಡು, ಸೆನ್ಸರು, ಸ್ವಿಚ್ಚುಗಳಿಗೆ ಮಂಗಳೂರಿನ ಹಂಪನಕಟ್ಟೆ ಸುತ್ತಮುತ್ತಲಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಮೊದಲು ವಿಚಾರಿಸಿ. ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರಸ್ತೆ ಉಂಟು. ಸ್ವಿಚ್ಚನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದು ಆನ್‌ಲೈನಿಗಿಂತ ಎಷ್ಟೋ ಮೇಲು.

ಯೋಕ್, ಥ್ರಾಟಲಿನಂಥ ದೊಡ್ಡ ಸಾಮಾನನ್ನು ದುಬೈಯಿಂದ ಬರುವ ಭಾವನ ಹತ್ತಿರವೋ ಅಣ್ಣನ ಹತ್ತಿರವೋ ತರಿಸುವುದು ನಮ್ಮಲ್ಲಿ ವಾಡಿಕೆ. ಮೂರು ವಿಷಯ ಮೊದಲೇ ನೋಡಿಕೊಳ್ಳಿ. ಒಂದು, ವಾರಂಟಿ ಆ ದೇಶಕ್ಕೆ ಮಾತ್ರವೋ ಎಂದು. ಎರಡು, ಪೆಟ್ಟಿಗೆ ಸಮೇತ ತೂಕ. ಬ್ಯಾಗೇಜಿನಲ್ಲಿ ಯೋಕ್ ದೊಡ್ಡ ಜಾಗ ತಿನ್ನುತ್ತದೆ. ಮೂರು, ಸುಂಕ. ಬಿಲ್ಲು ಅವರ ಕೈಯಲ್ಲೇ ಇರಲಿ, ಸುಂಕವಿಲ್ಲದೆ ತರಬಹುದಾದ ಮಿತಿಯನ್ನು ಹೊರಡುವ ಮುಂಚೆ ಕಸ್ಟಮ್ಸ್ ಜಾಲತಾಣದಲ್ಲಿ ನೋಡಿಕೊಳ್ಳಲಿ.

ಹೊಸದಾಗಲಿ ಸೆಕೆಂಡ್ ಹ್ಯಾಂಡ್ ಆಗಲಿ, ಕೈಗೆ ಬಂದ ದಿನವೇ ಪರೀಕ್ಷೆ ಮಾಡಿ. ವಿಂಡೋಸ್‌ನಲ್ಲಿ ರನ್ ಪೆಟ್ಟಿಗೆ ತೆರೆದು ಜಾಯ್ ಡಾಟ್ ಸಿಪಿಎಲ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಯಂತ್ರಗಳ ಪಟ್ಟಿ ಬರುತ್ತದೆ, ಪ್ರಾಪರ್ಟೀಸ್ ಒತ್ತಿ. ಸ್ಟಿಕ್ಕನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಬಹಳ ನಿಧಾನವಾಗಿ ಒಯ್ಯಿರಿ. ಪರದೆಯ ಗುರುತು ಕೈಯ ಜೊತೆಗೇ ಸಾಗಬೇಕು, ಹಾರಿದರೆ ಅಲ್ಲಿ ಪಾಟ್ ಸವೆದಿದೆ. ತುದಿಗೆ ಒಯ್ದು ಕೈಬಿಟ್ಟಾಗ ಎಡದಿಂದಲೂ ಬಲದಿಂದಲೂ ಒಂದೇ ಜಾಗಕ್ಕೆ ಮರಳಬೇಕು. ಮರಳದಿದ್ದರೆ ಸ್ಪ್ರಿಂಗಿನದ್ದೋ ಕೀಲಿನದ್ದೋ ದೋಷ. ಲಿವರ್‌ಗಳನ್ನು ನಡುವಿನಲ್ಲಿಟ್ಟು ಸ್ವಲ್ಪ ಹೊತ್ತು ಬಿಡಿ. ಮುಟ್ಟದಿದ್ದರೂ ಗುರುತು ನಡುಗುತ್ತಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ನೋಡಬಹುದು. ಸೆಕೆಂಡ್ ಹ್ಯಾಂಡ್ ಆದರೆ ಈ ಪರೀಕ್ಷೆ ದುಡ್ಡು ಕೊಡುವ ಮುಂಚೆ, ಮಾರುವವರ ಮನೆಯಲ್ಲೇ ಆಗಲಿ.

ಇಷ್ಟಾದ ಮೇಲೆ ಸಿಮ್ಯುಲೇಟರಿನ ಸೆನ್ಸಿಟಿವಿಟಿ ಗೆರೆಗೆ (ಕೈ ಎಷ್ಟು ಸರಿದರೆ ವಿಮಾನ ಎಷ್ಟು ಸ್ಪಂದಿಸಬೇಕು ಎಂದು ತೋರಿಸುವ ಗೆರೆ) ಕೈಹಾಕಿ. ಹಾಲ್ ಸೆನ್ಸರಿನ ಸ್ಟಿಕ್ಕಿಗೆ ಡೆಡ್‌ಝೋನ್ (ನಡುವಿನಲ್ಲಿ ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಜಾಗ) ಸೊನ್ನೆಯಿಂದ ಶುರುಮಾಡಿ, ಕೈಬಿಟ್ಟಾಗ ವಿಮಾನ ವಾಲಿದರೆ ಮಾತ್ರ ಒಂದೊಂದೇ ಹೆಚ್ಚಿಸಿ. ಗೆರೆಯನ್ನು ನೇರವಾಗಿಯೇ ಇಟ್ಟು ಕಣ್ಣೂರಿನ 3050 ಮೀಟರಿನ ರನ್‌ವೇಯಲ್ಲಿ ಮೊದಲು ಇಳಿದು ಅಭ್ಯಾಸ ಮಾಡಿ. ಅಲ್ಲಿ ಹತೋಟಿ ಬಂದ ಮೇಲೆ ಮಂಗಳೂರು.